ಬಿಲ್ಲು ಕಾಣದ ಶಾಲೆಯಲ್ಲಿ ಮೀಟರು ಓದುವವರು ಯಾರು?



ನಿಮ್ಮ ಶಾಲೆಯ ವಿದ್ಯುತ್ ಮೀಟರು ಎಲ್ಲಿದೆ ಎಂದು ನೀವು ಬಲ್ಲಿರಾ? ಮೆಟ್ಟಿಲ ಕೆಳಗಿನ ಮೂಲೆಯಲ್ಲೋ, ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೋಡೆಯ ಮೇಲೋ ಅದು ಇದ್ದೇ ಇರುತ್ತದೆ. ಹಗಲೂ ರಾತ್ರಿ ಲೆಕ್ಕವಿಡುತ್ತಲೇ ಇರುತ್ತದೆ. ಆ ಲೆಕ್ಕವನ್ನು ಓದುವವರು ಯಾರು ಎಂಬುದು ಇಂದಿನ ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ಕಾರಣವಿದೆ. 2023ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನ, ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ನೀರನ್ನು ಉಚಿತವಾಗಿ ಕೊಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಬಿಲ್ಲು ಕಟ್ಟಲು ಹಣ ಹೊಂದಿಸುವುದು ಮುಖ್ಯೋಪಾಧ್ಯಾಯರಿಗೆ ದೊಡ್ಡ ತಲೆನೋವಾಗಿದ್ದುದರಿಂದ ಇದು ನಿಜವಾಗಿಯೂ ನೆಮ್ಮದಿಯ ಸುದ್ದಿ. ಆದರೆ ಬಿಲ್ಲು ಶಾಲೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಈ ತಿಂಗಳು ಇಷ್ಟು ಖರ್ಚಾಯಿತು ಎಂದು ನೆನಪಿಸುತ್ತಿತ್ತು. ಹೊರೆ ಇಳಿದಾಗ ಆ ನೆನಪೂ ಅಳಿಸಿಹೋಗಬಾರದಲ್ಲವೇ? ಶಾಲೆಗೆ ಉಚಿತವಾದ ಮಾತ್ರಕ್ಕೆ ವಿದ್ಯುತ್ತಿಗೆ ಬೆಲೆಯಿಲ್ಲವೆಂದಲ್ಲ. ಬೆಲೆಯನ್ನು ಸರ್ಕಾರ, ಅಂದರೆ ತೆರಿಗೆ ಕಟ್ಟುವ ನಾವೆಲ್ಲರೂ, ತೆರುತ್ತೇವೆ. ಅದೇ 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದೆ ರಾಜ್ಯವು ವಿದ್ಯುತ್ ಕೊರತೆಯನ್ನು ಎದುರಿಸಿದ್ದನ್ನೂ ಮರೆಯಬಾರದು.

ನೀತಿ ಎಂದರೇನು?

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಶಾಲೆಗಳು ಶಿಕ್ಷಣ ಇಲಾಖೆಯ ಬೆಂಗಳೂರು ದಕ್ಷಿಣ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. (2025ರಲ್ಲಿ ರಾಮನಗರ ಜಿಲ್ಲೆಗೆ ಇಟ್ಟ ‘ಬೆಂಗಳೂರು ದಕ್ಷಿಣ’ ಎಂಬ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ.) ಉಪನಿರ್ದೇಶಕರು ಇದರ ಮುಖ್ಯಸ್ಥರು, ಅವರ ಕೈಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಪ್ರತಿ ಶಾಲೆಯಲ್ಲಿ ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. 2001ರಲ್ಲಿ ರೂಪುಗೊಂಡ ಈ ಸಮಿತಿಯನ್ನು ನಾವು ಎಸ್‌.ಡಿ.ಎಂ.ಸಿ. ಎಂದು ಕರೆಯುತ್ತೇವೆ. ಇಂಥ ಜಿಲ್ಲೆಯೊಂದು ಇಂಧನ ಉಳಿತಾಯದ ನೀತಿಯನ್ನು ರಚಿಸಬೇಕೆಂದರೆ ಅದರಲ್ಲಿ ಏನಿರಬೇಕು?

‘ವಿದ್ಯುತ್ ಉಳಿಸಿ’ ಎಂದು ಗೋಡೆಯ ಮೇಲೆ ಬರೆಯುವುದು ನೀತಿಯಲ್ಲ, ಅದು ಘೋಷಣೆ. ಏನನ್ನು ಅಳೆಯಬೇಕು, ಯಾರು ಹೊಣೆ, ಹೊಸ ಸಾಮಾನು ಕೊಳ್ಳುವಾಗ ಯಾವ ನಿಯಮ, ಉಳಿದದ್ದು ಯಾರಿಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಕೊಟ್ಟಾಗ ಮಾತ್ರ ಅದು ನೀತಿಯಾಗುತ್ತದೆ. ಒಂದೊಂದಾಗಿ ನೋಡೋಣ.

ಮೊದಲು ಅಳತೆ

ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ ಖರ್ಚಾಗುತ್ತದೆ. ಈಗ ಹನ್ನೆರಡು ಕೊಠಡಿಗಳ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳಿ. ಪ್ರತಿ ಕೊಠಡಿಯಲ್ಲಿ ಎರಡು ಹಳೆಯ ಟ್ಯೂಬ್‌ಲೈಟು, ಎರಡು ಹಳೆಯ ಫ್ಯಾನು. ಟ್ಯೂಬು 40 ವ್ಯಾಟಿನದಾದರೂ ಅದರ ಚೋಕ್ ನುಂಗುವುದನ್ನು ಸೇರಿಸಿದರೆ ಸುಮಾರು 52 ವ್ಯಾಟ್ ಆಗುತ್ತದೆ. ಫ್ಯಾನಿಗೆ ಸುಮಾರು 75 ವ್ಯಾಟ್. ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 22 ದಿನ ಇವೆಲ್ಲ ನಡೆದರೆ ಖರ್ಚು ಸುಮಾರು 335 ಯೂನಿಟ್.

ಟ್ಯೂಬಿನ ಜಾಗದಲ್ಲಿ 20 ವ್ಯಾಟಿನ ಎಲ್‌.ಇ.ಡಿ. ದೀಪ, ಹಳೆಯ ಫ್ಯಾನಿನ ಜಾಗದಲ್ಲಿ 30 ವ್ಯಾಟಿನ ಹೊಸ ಬಗೆಯ ಬಿ.ಎಲ್‌.ಡಿ.ಸಿ. ಫ್ಯಾನು ಬಂದರೆ ಅದೇ ಬೆಳಕು, ಅದೇ ಗಾಳಿಗೆ 132 ಯೂನಿಟ್ ಸಾಕು. ತಿಂಗಳಿಗೆ ಉಳಿತಾಯ 203 ಯೂನಿಟ್. ಇಂಥ ನೂರು ಶಾಲೆಗಳಿದ್ದರೆ ತಿಂಗಳಿಗೆ ಇಪ್ಪತ್ತು ಸಾವಿರ ಯೂನಿಟ್! ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ ಉತ್ಪಾದನೆಗೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹಾಗಾದರೆ ಆ ನೂರು ಶಾಲೆಗಳಿಂದ ತಿಂಗಳಿಗೆ ಎಷ್ಟು ತಪ್ಪುತ್ತದೆಂದು ನೀವೇ ಗುಣಿಸಿ ನೋಡಿ.

ಯಾರು ಹೊಣೆ?

ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ. ಆದ್ದರಿಂದ ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರು, ಅವರೊಂದಿಗೆ ಪರಿಸರ ಸಂಘದ ಕೆಲವು ವಿದ್ಯಾರ್ಥಿಗಳು ಈ ಕೆಲಸಕ್ಕೆ ನಿಯುಕ್ತರಾಗಬೇಕು. ವಾರಕ್ಕೊಮ್ಮೆ ಮೀಟರಿನ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ತಿಂಗಳಿಗೊಮ್ಮೆ ಅದು ಎಸ್‌.ಡಿ.ಎಂ.ಸಿ. ಸಭೆಯ ಮುಂದೆ ಬರಬೇಕು. ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಬೇಕು. ಒಂದೇ ಗಾತ್ರದ ಎರಡು ಶಾಲೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ಖರ್ಚು ಮಾಡುತ್ತಿದ್ದರೆ ಕಾರಣ ಹುಡುಕಲು ಆಗ ದಾರಿಯಾಗುತ್ತದೆ.

ಕೊಳ್ಳುವಾಗ ಯಾವ ನಿಯಮ?

ಕಚೇರಿಗಳಲ್ಲಿ ಸಾಮಾನ್ಯವಾಗಿ ಕಡಿಮೆ ಬೆಲೆಯ ಸಾಮಾನಿಗೇ ಮೊದಲ ಮಣೆ. ಆದರೆ ಫ್ಯಾನಿನ ನಿಜವಾದ ಬೆಲೆ ಅಂಗಡಿಯಲ್ಲಿ ಮುಗಿಯುವುದಿಲ್ಲ. ಒಳ್ಳೆಯ ಫ್ಯಾನಿಗೆ ಸಾವಿರ ರೂಪಾಯಿ ಹೆಚ್ಚು ಎಂದುಕೊಳ್ಳಿ. ಮೇಲಿನ ಲೆಕ್ಕದಂತೆ ಅದು ವರ್ಷದ ಹತ್ತು ತಿಂಗಳಲ್ಲಿ ಸುಮಾರು 50 ಯೂನಿಟ್ ಉಳಿಸುತ್ತದೆ. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 350 ರೂಪಾಯಿ. ಮೂರು ವರ್ಷಕ್ಕೆ ಹೆಚ್ಚಿನ ಹಣ ವಾಪಸು, ಆಮೇಲಿನದೆಲ್ಲ ಲಾಭ. ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ ಸಂಸ್ಥೆ 2006ರಲ್ಲಿ ಆರಂಭಿಸಿದ ನಕ್ಷತ್ರದ ಗುರುತು ಇದಕ್ಕೇ ಇರುವುದು. ಹಾಗೆಂದು ಚೆನ್ನಾಗಿರುವ ಫ್ಯಾನುಗಳನ್ನೆಲ್ಲ ಇಂದೇ ಕಿತ್ತೆಸೆಯಬೇಕಿಲ್ಲ. ಕೆಟ್ಟಾಗ ಬದಲಿಸುವುದು ಕಡ್ಡಾಯವಾಗಿ ಒಳ್ಳೆಯದರಿಂದಲೇ ಎಂದು ನೀತಿಯಲ್ಲಿ ಬರೆದರೆ ಸಾಕು.

ಛಾವಣಿಯ ಮೇಲೆ ಸೌರಫಲಕ ಹಾಕುವಾಗಲೂ ಕ್ರಮ ಮುಖ್ಯ. ಬೆಂಗಳೂರಿನಲ್ಲಿ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 335 ಯೂನಿಟ್ ಬಳಸುವ ಶಾಲೆಗೆ ಸುಮಾರು ಮೂರು ಕಿಲೋವ್ಯಾಟ್ ಬೇಕು. 132 ಯೂನಿಟ್ ಬಳಸುವ ಶಾಲೆಗೆ ಒಂದಕ್ಕಿಂತ ತುಸು ಹೆಚ್ಚಿದ್ದರೆ ಸಾಕು. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ತುಂಬಿಸಿ! ಜಯನಗರದ ಮರಗಳ ನೆರಳು ಬೀಳುವ ಛಾವಣಿಯಾದರೆ ಫಲಕಕ್ಕೆ ಬೇರೆ ಜಾಗ ಹುಡುಕಬೇಕೇ ಹೊರತು ಮರಕ್ಕೆ ಕೊಡಲಿ ಹಾಕಬಾರದು. ಆ ಮರ ಕೊಠಡಿಯನ್ನು ತಂಪಾಗಿಡುತ್ತಿದೆ.

ನೀರೂ ವಿದ್ಯುತ್ತೇ

ಬೆಂಗಳೂರಿನ ನಲ್ಲಿಯ ನೀರು ಎಲ್ಲಿಂದ ಬರುತ್ತದೆ? ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆ ಪಂಪುಗಳು ಅದನ್ನು ಒಟ್ಟು ಸುಮಾರು 500 ಮೀಟರ್ ಎತ್ತರಕ್ಕೆ ಏರಿಸುತ್ತವೆ. ಭೌತಶಾಸ್ತ್ರದ ತರಗತಿಯಲ್ಲಿ ಕಲಿತ ದ್ರವ್ಯರಾಶಿ, ಗುರುತ್ವ, ಎತ್ತರಗಳ ಗುಣಲಬ್ಧವನ್ನು ಇಲ್ಲಿ ಬಳಸಿ. ಸಾವಿರ ಲೀಟರ್ ನೀರನ್ನು ಇಷ್ಟು ಎತ್ತಲು ಕನಿಷ್ಠ 1.36 ಯೂನಿಟ್ ಬೇಕು. ಪಂಪಿನಲ್ಲಾಗುವ ನಷ್ಟ ಸೇರಿದರೆ ಎರಡು ಯೂನಿಟ್ಟಿನ ಹತ್ತಿರ ಬರುತ್ತದೆ. ತೊಟ್ಟಿಕ್ಕುವ ನಲ್ಲಿ ವಿದ್ಯುತ್ತನ್ನೂ ತೊಟ್ಟಿಕ್ಕಿಸುತ್ತದೆ.

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ. ನೂರು ಚದರ ಮೀಟರ್ ಛಾವಣಿಯಿಂದ ವರ್ಷಕ್ಕೆ 75 ಸಾವಿರ ಲೀಟರಿನಷ್ಟು ಹಿಡಿಯಬಹುದು. ಹೇಗೆಂದು ಕಣ್ಣಾರೆ ನೋಡಬೇಕಾದರೆ ಜಯನಗರ ಐದನೆಯ ಬ್ಲಾಕಿನಲ್ಲಿ ಜಲಮಂಡಳಿ ನಿರ್ಮಿಸಿದ ಮಳೆನೀರು ಕೊಯ್ಲು ಉದ್ಯಾನಕ್ಕೆ ನಿಮ್ಮ ಶಿಕ್ಷಕರೊಂದಿಗೆ ಹೋಗಬಹುದು.

ಉಳಿದದ್ದು ಯಾರಿಗೆ?

ಕೊನೆಯ ಪ್ರಶ್ನೆಯೇ ಕಠಿಣವಾದದ್ದು. ಉಳಿತಾಯದಿಂದ ಶಾಲೆಗೆ ಏನೂ ಸಿಗದಿದ್ದರೆ ಉತ್ಸಾಹ ಎಷ್ಟು ದಿನ ನಿಂತೀತು? ಜರ್ಮನಿಯ ಹ್ಯಾಂಬರ್ಗ್ ನಗರ 1994ರಲ್ಲಿ ‘ಫಿಫ್ಟಿ-ಫಿಫ್ಟಿ’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ವಿದ್ಯಾರ್ಥಿ ಮತ್ತು ಶಿಕ್ಷಕರ ಎಚ್ಚರಿಕೆಯಿಂದ ಉಳಿದ ಹಣದಲ್ಲಿ ಅರ್ಧ ಶಾಲೆಗೆ, ಉಳಿದರ್ಧ ನಗರದ ಬೊಕ್ಕಸಕ್ಕೆ. ಆಮೇಲೆ ಜರ್ಮನಿಯ ಬೇರೆ ಊರುಗಳೂ ಇದನ್ನು ಅನುಸರಿಸಿದವು. ನಮ್ಮಲ್ಲಿ ಸರ್ಕಾರವೇ ಬಿಲ್ಲಿನ ಹೊರೆ ಹೊರುವಾಗ, ಉಳಿಸಿದ ಶಾಲೆಗೆ ಒಂದು ಪಾಲು ಪುಸ್ತಕದ ರೂಪದಲ್ಲೋ ಪ್ರಯೋಗಾಲಯದ ಉಪಕರಣದ ರೂಪದಲ್ಲೋ ಮರಳಿದರೆ ಸರ್ಕಾರಕ್ಕೂ ಲಾಭ, ಶಾಲೆಗೂ ಲಾಭ.

ಆದರೆ ಒಂದು ಎಚ್ಚರಿಕೆ. ಬಹುಮಾನದ ಆಸೆಗೆ ಮೋಡದ ದಿನ ಕತ್ತಲಲ್ಲಿ ಓದಿಸುವುದು, ಏಪ್ರಿಲ್ ಸೆಕೆಯಲ್ಲಿ ಫ್ಯಾನು ನಿಲ್ಲಿಸುವುದು ಉಳಿತಾಯವಲ್ಲ. ಕಪ್ಪುಹಲಗೆ ಕಡೆಯ ಬೆಂಚಿನ ಮಗುವಿಗೂ ಕಾಣಬೇಕು, ಪ್ರತಿ ಕೊಠಡಿಗೂ ಗಾಳಿಯಾಡಬೇಕು, ಶೌಚಾಲಯದಲ್ಲಿ ನೀರಿರಬೇಕು. ಇವನ್ನು ಮುಟ್ಟುವಂತಿಲ್ಲ ಎಂಬುದು ನೀತಿಯ ಮೊದಲ ಸಾಲಿನಲ್ಲೇ ಇರಲಿ. ಮಕ್ಕಳ ಕಲಿಕೆಗೆಂದೇ ವಿದ್ಯುತ್ ಬಂದಿರುವುದು.

ನೀವೇ ಮಾಡಿ ನೋಡಿ

ಶಿಕ್ಷಕರ ಅನುಮತಿ ಪಡೆದು ಒಂದು ಶನಿವಾರ ಶಾಲೆ ಮುಗಿದ ಮೇಲೆ ಮೀಟರಿನ ಅಂಕಿ ಬರೆದುಕೊಳ್ಳಿ. ಸೋಮವಾರ ಬೆಳಗ್ಗೆ ಗಂಟೆ ಬಾರಿಸುವ ಮುನ್ನ ಮತ್ತೆ ಬರೆಯಿರಿ. ಕಣ್ಣಿನಿಂದ ನೋಡುವುದು ಮಾತ್ರ. ಪೆಟ್ಟಿಗೆಯನ್ನಾಗಲಿ ತಂತಿಯನ್ನಾಗಲಿ ಮುಟ್ಟಬೇಡಿ. ಬಾಗಿಲು ಹಾಕಿದ ಶಾಲೆಯಲ್ಲಿ ಅಂಕಿ ಹೆಚ್ಚು ಓಡಬಾರದು. ಓಡಿದ್ದರೆ ಕಾವಲಿನ ದೀಪವೋ, ಆರಿಸಲು ಮರೆತ ಕಂಪ್ಯೂಟರೋ, ತೊಟ್ಟಿ ತುಂಬಿದರೂ ನಿಲ್ಲದ ಪಂಪೋ ಎಂದು ಹುಡುಕಿ. ನಾಲ್ಕು ವಾರ ಹೀಗೆ ಬರೆದ ಒಂದು ಪುಟವನ್ನು ಎಸ್‌.ಡಿ.ಎಂ.ಸಿ. ಸಭೆಗೆ ಕೊಡಿ. ಜಿಲ್ಲೆಯ ನೀತಿ ಕಚೇರಿಯಿಂದ ಇಳಿದು ಬರುವವರೆಗೆ ಕಾಯಬೇಕಾಗಿಲ್ಲ. ಅದರ ಮೊದಲ ಪುಟವನ್ನು ನೀವು ಬರೆಯಬಹುದು.