ತಣ್ಣಗೆ ಮಾಡಿ ಕುಡಿಯೋ ರೆಡ್ ವೈನ್: ಬೋಜೊಲೆ ಕಥೆ

ರೆಡ್ ವೈನ್ ಅಂದ ತಕ್ಷಣ ಬಹಳ ಜನ ಹೇಳೋದು ಒಂದೇ ಮಾತು: "ಬಾಯೆಲ್ಲ ಒಗರು, ನಂಗೆ ಸೇರಲ್ಲ." ಈ ದೂರಿಗೆ ಫ್ರಾನ್ಸ್‌ನಲ್ಲೇ ಒಂದು ಉತ್ತರ ಇದೆ, ಅದರ ಹೆಸರು ಬೋಜೊಲೆ. ಇದರ ಗುಣವೇನು, ಯಾವ ಊಟಕ್ಕೆ ಹೊಂದುತ್ತೆ, ಇಷ್ಟು ಒಳ್ಳೆಯ ವೈನ್‌ಗೆ 'ಅಗ್ಗದ ಮಾಲು' ಅನ್ನೋ ಹೆಸರು ಯಾಕೆ ಬಂತು, ಇವತ್ತು ನೋಡೋಣ.

ಮೊದಲು ಜಾಗ. ಲಿಯೋನ್ ನಗರದ ಉತ್ತರಕ್ಕೆ, ಬರ್ಗಂಡಿಯ ದಕ್ಷಿಣಕ್ಕೆ ಇರುವ ಗುಡ್ಡಗಾಡು ಬೋಜೊಲೆ. ಇಲ್ಲಿನ ರೆಡ್ ವೈನ್‌ಗೆ ಬಳಸೋದು ಗಾಮೆ ಅನ್ನೋ ದ್ರಾಕ್ಷಿ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಈ ಬಳ್ಳಿಯನ್ನ ಕಿತ್ತುಹಾಕಿ ಅಂತ ಆಜ್ಞೆ ಹೊರಡಿಸಿದ್ದ. ಗಾಮೆ ಸುಲಭವಾಗಿ ಬೆಳೆಯುತ್ತೆ, ಫಸಲು ಜಾಸ್ತಿ. ಹಾಗಾಗಿ ರೈತರು ಪಿನೋ ನ್ವಾರ್ ಬಿಟ್ಟು ಇದರ ಹಿಂದೆ ಹೋಗ್ತಾರೆ, ಬರ್ಗಂಡಿ ವೈನ್‌ನ ಹೆಸರು ಕೆಡುತ್ತೆ ಅನ್ನೋದು ಅವನ ಚಿಂತೆ. ಆದರೆ ಅಲ್ಲಿ ಬೇಡವಾದ ಗಾಮೆ ದಕ್ಷಿಣದ ಗ್ರಾನೈಟ್ ಮಣ್ಣಿನಲ್ಲಿ ಚೆನ್ನಾಗಿ ಬೇರೂರಿತು.

ಈಗ ಒಗರಿನ ವಿಷಯ. ಜಾಸ್ತಿ ಕುದಿಸಿದ ಟೀ ಕುಡಿದಾಗ, ಹಸಿ ಅಡಿಕೆ ಅಗಿದಾಗ ನಾಲಿಗೆ ಒಣಗಿದ ಹಾಗೆ ಆಗುತ್ತಲ್ವಾ? ಅದಕ್ಕೆ ಕಾರಣ ಟ್ಯಾನಿನ್. ವೈನ್‌ಗೆ ಇದು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತೆ. ಗಾಮೆಯಲ್ಲಿ ಟ್ಯಾನಿನ್ ಕಡಿಮೆ, ಹುಳಿ ಜಾಸ್ತಿ. ಜೊತೆಗೆ ಇಲ್ಲಿನ ವಿಧಾನವೂ ಬೇರೆ. ದ್ರಾಕ್ಷಿಯನ್ನ ಜಜ್ಜದೆ, ಇಡೀ ಗೊಂಚಲನ್ನೇ ತೊಟ್ಟಿಗೆ ಹಾಕ್ತಾರೆ. ತಳದ ಹಣ್ಣು ಭಾರಕ್ಕೆ ಒಡೆದು ಹುಳಿಯೋಕೆ ಶುರುವಾಗುತ್ತೆ, ಕಾರ್ಬನ್ ಡೈಆಕ್ಸೈಡ್ ತುಂಬಿಕೊಳ್ಳುತ್ತೆ. ಆಗ ಮೇಲಿನ ಹಣ್ಣುಗಳು ಒಡೆಯದೆ ಒಳಗಿಂದೊಳಗೇ ಹುದುಗುತ್ತವೆ. ಹಾಗಾಗಿ ಒಗರು ಕಡಿಮೆ; ಸ್ಟ್ರಾಬೆರಿ, ಚೆರ್ರಿ, ಕೆಲವೊಮ್ಮೆ ಬಾಳೆಹಣ್ಣಿನ ಘಮ.

ಇದೇ ಗುಣ ಅದಕ್ಕೆ ಹೆಸರೂ ತಂತು, ಕೆಟ್ಟ ಹೆಸರೂ ತಂತು. ಕೊಯ್ಲಾದ ಕೆಲವೇ ವಾರಗಳಲ್ಲಿ ಮಾರೋ 'ಬೋಜೊಲೆ ನೂವೋ' 1985ರಿಂದ ಪ್ರತಿ ವರ್ಷ ನವೆಂಬರ್‌ನ ಮೂರನೇ ಗುರುವಾರ ಬಿಡುಗಡೆ ಆಗುತ್ತೆ. ವ್ಯಾಪಾರಿ ಜಾರ್ಜ್ ಡ್ಯುಬೋಫ್ ಅಂಥವರು ಅದನ್ನ ಜಗತ್ತಿನ ಹಬ್ಬ ಮಾಡಿದ್ರು. ಮಾರಾಟ ಏರಿತು. ಆದರೆ ಜನ ಬೋಜೊಲೆ ಅಂದ್ರೆ ಇಷ್ಟೇ, ಒಂದು ದಿನದ ಗಲಾಟೆ ಅಂದುಕೊಂಡ್ರು. ವರ್ಷಗಟ್ಟಲೆ ಇಡಬಹುದಾದ ವೈನ್ ಮಾಡೋ ಪಕ್ಕದ ಊರಿನ ರೈತನಿಗೂ ಅದೇ ಹಣೆಪಟ್ಟಿ ಬಿತ್ತು.

ಅಂಥ ಊರುಗಳು ಹತ್ತಿವೆ, ಅವನ್ನ 'ಕ್ರೂ' ಅಂತಾರೆ. ಫ್ಲೂರಿ ಹಗುರ, ಹೂವಿನ ಘಮದ್ದು. ಮೋರ್ಗೋನ್ ಗಟ್ಟಿ. ಮೂಲನ್-ಆ-ವಾನ್ ಒಳ್ಳೆ ವರ್ಷದ್ದಾದರೆ ಹತ್ತು ವರ್ಷ ಇಟ್ಟರೂ ಚೆನ್ನಾಗಿರುತ್ತೆ. 1980ರ ದಶಕದಲ್ಲಿ ಮೋರ್ಗೋನ್‌ನ ಮಾರ್ಸೆಲ್ ಲಪಿಯೇರ್ ಮತ್ತು ಗೆಳೆಯರು ತೋಟದಲ್ಲಿ ರಾಸಾಯನಿಕ ಬಿಟ್ಟು, ನಿಧಾನವಾಗಿ ವೈನ್ ಮಾಡಿ ಈ ಗೌರವ ಮರಳಿ ತರೋಕೆ ಹೊರಟ್ರು. ಒಂದು ಟಿಪ್: ಈ ಹತ್ತರ ಬಾಟಲಿ ಮೇಲೆ ದೊಡ್ಡದಾಗಿ ಇರೋದು ಊರಿನ ಹೆಸರು, ಎಷ್ಟೋ ಸಲ 'ಬೋಜೊಲೆ' ಅನ್ನೋ ಪದವೇ ಕಾಣಲ್ಲ.

ಕೊನೆಗೆ ಊಟ. ಲಿಯೋನ್‌ನ 'ಬೂಶೋನ್' ಅನ್ನೋ ಸಣ್ಣ ಹೋಟೆಲ್‌ಗಳಲ್ಲಿ ಇದನ್ನ ದಪ್ಪ ತಳದ 46 ಸೆಂಟಿಲೀಟರ್ ಬಾಟಲಿಯಲ್ಲಿ ಕೊಡ್ತಾರೆ. ಜೊತೆಗೆ ಒಣ ಸಾಸೇಜ್, ಹಂದಿಮಾಂಸದ ಖಾದ್ಯ, ಹುರಿದ ಕೋಳಿ, ಮೇಕೆ ಹಾಲಿನ ಚೀಸ್. ಜಿಡ್ಡಿನ ಊಟದ ಮಧ್ಯೆ ವೈನ್‌ನ ಹುಳಿ ಬಾಯಿ ತೊಳೆದ ಹಾಗೆ ಮಾಡುತ್ತೆ. ಅಣಬೆಗೆ ಮೋರ್ಗೋನ್ ಒಳ್ಳೆ ಜೋಡಿ. ನಮ್ಮ ಖಾರದ ಊಟಕ್ಕೆ? ಟ್ಯಾನಿನ್, ಆಲ್ಕೋಹಾಲ್ ಎರಡೂ ಖಾರದ ಉರಿ ಹೆಚ್ಚಿಸ್ತವೆ. ಹಾಗಾಗಿ ಗಟ್ಟಿ ಬೋರ್ಡೋಗಿಂತ ಹಗುರ ಬೋಜೊಲೆ ವಾಸಿ. ಹಾಗಂತ ಗುಂಟೂರು ಮೆಣಸಿನಕಾಯಿ ಸಾರಿಗೆ ಯಾವ ರೆಡ್ ವೈನೂ ಬೇಡ.

ಕುಡಿಯೋ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. 13 ಡಿಗ್ರಿ ಆಸುಪಾಸು ಸಾಕು. ಇದು ಕಾನೂನಿನ ವಯಸ್ಸು ದಾಟಿದವರಿಗೆ ಮಾತ್ರ, ಅದೂ ಮಿತಿಯಲ್ಲಿ. ಕುಡಿದ ಮೇಲೆ ಗಾಡಿ ಮುಟ್ಟಬೇಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.