ಪರೇಲಿನಲ್ಲಿ ಸಿಕ್ಕ ರಕ್ತದ ಗುಂಪು

ಮುಂಬೈಯ ದಾದರಿನಿಂದ ಸೆಂಟ್ರಲ್ ಲೈನಿನ ಸ್ಲೋ ಲೋಕಲ್‌ನಲ್ಲಿ ದಕ್ಷಿಣಕ್ಕೆ ಹೊರಟರೆ ಮುಂದಿನ ಸ್ಟೇಷನ್ನೇ ಪರೇಲ್. ಇಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ನಡೆದ ಕೆಲಸದಿಂದಲೇ 'ಬಾಂಬೆ' ಎಂಬ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿತು.

ಡಾ. ವೈ. ಎಂ. ಭೇಂಡೆ ಮತ್ತು ಅವರ ಸಂಗಡಿಗರಾದ ದೇಶಪಾಂಡೆ, ಭಾಟಿಯಾ ಅವರಿಗೆ ಲೆಕ್ಕಕ್ಕೇ ಸಿಗದ ರಕ್ತವೊಂದು ಎದುರಾಯಿತು. ಕೆಂಪುಕಣಗಳಿಗೆ ಎ ವಿರುದ್ಧದ ಸೀರಂ ಹಾಕಿದರು, ಗಂಟು ಕಟ್ಟಲಿಲ್ಲ. ಬಿ ವಿರುದ್ಧದ್ದನ್ನು ಹಾಕಿದರು, ಆಗಲೂ ಇಲ್ಲ. ಅಂದಮೇಲೆ ಅದು ಓ ಗುಂಪು ಎನ್ನಬೇಕು. ಆದರೆ ಅದೇ ವ್ಯಕ್ತಿಯ ಸೀರಮ್ಮಿಗೆ ಬೇರೆ ಓ ಗುಂಪಿನವರ ಕಣಗಳನ್ನು ಬೆರೆಸಿದಾಗ ಅವು ಒಂದಕ್ಕೊಂದು ಅಂಟಿ ಗಂಟುಗಂಟಾದವು. ಯಾರಿಗೆ ಬೇಕಾದರೂ ಕೊಡಬಹುದು ಎಂದು ಹೆಸರಾಗಿದ್ದ ಓ ರಕ್ತವನ್ನೇ ಈ ದೇಹ ಒಲ್ಲೆನ್ನುತ್ತಿತ್ತು! ಇಂಥ ಮೂವರ ವಿವರ 1952ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಲಂಡನ್ನಿನ ರೇಸ್, ಸ್ಯಾಂಗರ್, ಮಾರ್ಗನ್, ವಾಟ್ಕಿನ್ಸ್ ಅದಕ್ಕೆ ಜೊತೆಗೂಡಿದ್ದರು.

ಎ ಮತ್ತು ಬಿ ಎರಡಕ್ಕೂ ತಳಪಾಯವಾದ 'ಎಚ್' ಎಂಬ ಸಕ್ಕರೆಯ ರಚನೆ ಓ ಗುಂಪಿನವರ ಕಣಗಳ ಮೇಲೆ ಧಾರಾಳವಾಗಿರುತ್ತದೆ. ಆ ಮೂವರಲ್ಲಿ ಅದೇ ಇರಲಿಲ್ಲ. ಹಾಗಾಗಿ ಅವರ ದೇಹಕ್ಕೆ ಎಚ್ ಪರಕೀಯ, ಅದರ ವಿರುದ್ಧ ಪ್ರತಿಕಾಯ ಸಿದ್ಧ. ನನಗೆ ಇಡೀ ಕತೆಯಲ್ಲಿ ಅತ್ಯಂತ ದೊಡ್ಡದೆನಿಸುವುದು ಇದು. ಮನುಷ್ಯಮಾತ್ರರಿಗೆಲ್ಲ ಯಾವುದು ಸಹಜ ಎಂಬುದು ದೇಹಕ್ಕೆ ಗೊತ್ತಿಲ್ಲ. ತನ್ನಲ್ಲಿ ಇರುವುದನ್ನಷ್ಟೇ ಅದು ತನ್ನದೆಂದು ಕಲಿಯುತ್ತದೆ, ಅದನ್ನಷ್ಟೇ ಸಹಿಸುತ್ತದೆ.

ಆ ಕಲಿಕೆ ನಡೆಯುವುದೆಲ್ಲಿ ಎಂಬುದು ಆಗಿನ್ನೂ ಕತ್ತಲೆ. ಪ್ರತಿಕಾಯ ತಯಾರಿಸುವ ಬಿ ಕಣಗಳು ಎಲುಬಿನ ಮಜ್ಜೆಯಲ್ಲಿ ಮೊದಲ ಪರೀಕ್ಷೆ ಎದುರಿಸುತ್ತವೆ; ಟಿ ಕಣಗಳಿಗೆ ಪರೀಕ್ಷೆ ಎದೆಗೂಡಿನ ಮೇಲ್ಭಾಗದ ಥೈಮಸ್ ಗ್ರಂಥಿಯಲ್ಲಿ. ನಿರುಪಯೋಗಿ ಎನಿಸಿಕೊಂಡಿದ್ದ ಥೈಮಸ್‌ನ ಮಹತ್ವವನ್ನು ಜಾಕ್ ಮಿಲ್ಲರ್ ತೋರಿಸಿದ್ದು 1961ರಲ್ಲಿ. 1969ರಲ್ಲಿ ಜಪಾನಿನ ನಿಶಿಜುಕಾ ಮತ್ತು ಸಕಾಕುರಾ ಹುಟ್ಟಿ ಮೂರು ದಿನವಾದ ಇಲಿಮರಿಗಳ ಥೈಮಸ್ ತೆಗೆದಾಗ ಅವುಗಳ ಅಂಡಾಶಯಗಳೇ ಹಾಳಾದವು. ಸ್ವಂತ ಅಂಗಗಳ ಮೇಲೆ ಬೀಳುವ ಕಣಗಳನ್ನು ತಡೆದು ನಿಲ್ಲಿಸುವ ಟಿ ಕಣಗಳೂ ಇವೆ ಎಂದು, ಇದೇ ಜಾಡಿನಲ್ಲಿ ಹೋದ ಶಿಮೊನ್ ಸಕಾಗುಚಿ 1995ರಲ್ಲಿ ತೋರಿಸಿದರು. 2025ರ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು.

ಪರೇಲಿನ ಒಗಟು ಬಿಡಿಸಿದ್ದು ವಂಶವಾಹಿ. ಎಚ್ ಕಟ್ಟುವ ಕಿಣ್ವದ ವಂಶವಾಹಿ ತಂದೆ-ತಾಯಿ ಇಬ್ಬರಿಂದಲೂ ಕೆಟ್ಟೇ ಬಂದರೆ ತಳಪಾಯವೇ ಏಳುವುದಿಲ್ಲ. ಎ ಅಥವಾ ಬಿ ವಂಶವಾಹಿ ಒಳಗಿದ್ದರೂ ಹೊರಗೆ ಕಾಣದು. ಓ ಎಂದು ಗುರುತಿಸಿದ್ದ ತಾಯಿಯೊಬ್ಬಳು ಮಗಳಿಗೆ ಬಿ ಗುಂಪನ್ನು ದಾಟಿಸಿದ್ದನ್ನು ಅಮೆರಿಕದ ಫಿಲಿಪ್ ಲೆವಿನ್ 1955ರಲ್ಲಿ ವಿವರಿಸಿದರು. ತಾಯಿಯ ಮೇಲೆ ಸುಮ್ಮಸುಮ್ಮನೆ ಸಂಶಯ ಹುಟ್ಟಿಸಬಹುದಾದ ಎಷ್ಟೋ ರಿಪೋರ್ಟುಗಳಿಗೆ ಇಲ್ಲಿ ಉತ್ತರವಿದೆ.

ನಮ್ಮ ದೇಶದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರದು 'ಬಾಂಬೆ' ಎಂದು ಕರೆಸಿಕೊಂಡ ಈ ಗುಂಪು ಎನ್ನುತ್ತಾರೆ. ಕೆಂಪುಕಣಗಳನ್ನು ಮಾತ್ರ ಪರೀಕ್ಷಿಸಿದರೆ ಅವರ ಕಾರ್ಡಿನ ಮೇಲೆ ಓ ಎಂದೇ ಬೀಳುತ್ತದೆ, ಅದನ್ನು ನಂಬಿ ಓ ರಕ್ತ ಏರಿಸಿದರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ಸೀರಮ್ಮನ್ನೂ ಓ ಕಣಗಳೊಂದಿಗೆ ಬೆರೆಸಿ ನೋಡಲೇಬೇಕು. ಗುಂಪು ಬಾಂಬೆ ಎಂದು ಖಚಿತವಾದರೆ ಮೊದಲು ಕರೆಸಬೇಕಾದದ್ದು ಒಡಹುಟ್ಟಿದವರನ್ನು; ಅವರಲ್ಲಿ ಪ್ರತಿಯೊಬ್ಬರಿಗೂ ಅದೇ ಗುಂಪು ಬಂದಿರುವ ಸಾಧ್ಯತೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು.