ಕಿವಿಯೊಳಗಿನ ಯಂತ್ರ: ಯಾವ ಕಂಪೆನಿಯದ್ದು ನಮ್ಮ ಮಗುವಿಗೆ ಹಿತ?

ಹುಟ್ಟಿನಿಂದಲೇ ಕಿವಿ ಕೇಳದ ಮಗುವಿನ ತಂದೆತಾಯಂದಿರಿಗೆ ವೈದ್ಯರು "ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಬಹುದು" ಎಂದು ಹೇಳಿದ ಮರುದಿನದಿಂದಲೇ ಹೊಸ ಚಿಂತೆಯೊಂದು ಆರಂಭವಾಗುತ್ತದೆ. ಯಾವ ಕಂಪೆನಿಯ ಯಂತ್ರ? ಆಸ್ಟ್ರೇಲಿಯದ್ದೋ, ಆಸ್ಟ್ರಿಯದ್ದೋ, ಅಮೆರಿಕದ್ದೋ? ನೆರೆಮನೆಯವರು ಒಂದು ಹೇಳುತ್ತಾರೆ, ಕಂಪೆನಿಯ ಪ್ರತಿನಿಧಿ ಇನ್ನೊಂದು ಹೇಳುತ್ತಾರೆ, ಮೊಬೈಲಿಗೆ ಬರುವ ವಿಡಿಯೋ ಮತ್ತೊಂದನ್ನು ಹೇಳುತ್ತದೆ. ಸೈಕಲು ಕೊಂಡು ಹಿಡಿಸದಿದ್ದರೆ ಮಾರಿ ಬೇರೆ ಕೊಳ್ಳಬಹುದು. ಇದು ಹಾಗಲ್ಲ. ಒಮ್ಮೆ ಚರ್ಮದಡಿಯಲ್ಲಿ ಕೂರಿಸಿದ ಮೇಲೆ ಆ ಕಂಪೆನಿಯೊಡನೆ ಮಗುವಿನದು ಬಹುಕಾಲದ ನಂಟು. ಹಾಗಾಗಿ ನಮ್ಮ ಗಡಿನಾಡಿನ ಮನೆಗಳನ್ನು ಕಣ್ಣೆದುರಿಗಿಟ್ಟುಕೊಂಡು ಈ ವಿಷಯದಲ್ಲಿ ನಾಲ್ಕು ಮಾತು ಹೇಳುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಯಂತ್ರದ ಎರಡು ಭಾಗ

ಸಾಮಾನ್ಯ ಶ್ರವಣಯಂತ್ರವು ಶಬ್ದವನ್ನು ದೊಡ್ಡದು ಮಾಡಿ ಕಿವಿಗೆ ಬಿಡುತ್ತದೆ. ಒಳಗಿವಿಯ ಸೂಕ್ಷ್ಮ ಕೋಶಗಳೇ ಕೆಟ್ಟಿದ್ದರೆ ಎಷ್ಟು ದೊಡ್ಡದು ಮಾಡಿದರೂ ಮಾತು ಸ್ಪಷ್ಟವಾಗದು. ಇಂಪ್ಲಾಂಟ್ ಆ ಕೋಶಗಳನ್ನು ಬಿಟ್ಟು ನೇರವಾಗಿ ಶ್ರವಣನರಕ್ಕೇ ವಿದ್ಯುತ್ ಸಂಕೇತ ಕೊಡುತ್ತದೆ. ಹೊರಗಿನ ಭಾಗದಲ್ಲಿ ಮೈಕು, ಬ್ಯಾಟರಿ ಮತ್ತು ಪ್ರೊಸೆಸರ್ ಇವೆ. ಒಳಗಿನ ಭಾಗದಲ್ಲಿ ಸಂಕೇತ ಸ್ವೀಕರಿಸುವ ಯಂತ್ರವೂ ಶಂಖದಂತೆ ಸುರುಳಿಯಾಗಿರುವ ಒಳಗಿವಿಯೊಳಗೆ ತೂರಿಸುವ ಸಪೂರ ತಂತಿಯೂ ಇವೆ. ಎರಡನ್ನೂ ಚರ್ಮದ ಮೇಲಿಂದ ಅಯಸ್ಕಾಂತ ಹಿಡಿದಿಡುತ್ತದೆ.

ಹೊರಗಿನ ಪ್ರೊಸೆಸರ್ ಕೆಲವು ವರ್ಷಗಳಿಗೊಮ್ಮೆ ಹಳತಾಗುತ್ತದೆ, ಬದಲಾಯಿಸಬೇಕಾಗುತ್ತದೆ. ಆದರೆ ಒಂದು ಕಂಪೆನಿಯ ಒಳಭಾಗಕ್ಕೆ ಇನ್ನೊಂದರ ಹೊರಭಾಗ ಹೊಂದುವುದಿಲ್ಲ. ಆಯ್ಕೆಯ ಗುಟ್ಟೆಲ್ಲ ಇರುವುದು ಇಲ್ಲಿಯೇ. ನಾವು ಆರಿಸುವುದು ಇಂದಿನ ಯಂತ್ರವನ್ನು ಮಾತ್ರವಲ್ಲ, ಮುಂದೆ ಮೂವತ್ತು ನಲವತ್ತು ವರ್ಷ ಬಿಡಿಭಾಗ ಒದಗಿಸಬೇಕಾದವರನ್ನೂ ಹೌದು.

ಮುಖ್ಯ ಮೂವರು

ಆಸ್ಟ್ರೇಲಿಯದ ಪ್ರೊಫೆಸರ್ ಗ್ರೇಮ್ ಕ್ಲಾರ್ಕ್ ಅವರು 1978ರಲ್ಲಿ ಮೆಲ್ಬೋರ್ನಿನಲ್ಲಿ ಬಹುತಂತುಗಳ ಇಂಪ್ಲಾಂಟನ್ನು ಅಳವಡಿಸಿದರು. ಅವರ ತಂದೆಗೆ ಕಿವಿ ಮಂದವಾಗಿತ್ತು. ಆ ಸಂಶೋಧನೆಯಿಂದ ಬೆಳೆದದ್ದು ಸಿಡ್ನಿಯ ಕಾಕ್ಲಿಯರ್ ಕಂಪೆನಿ. ಅದರ ಇಂಪ್ಲಾಂಟಿಗೆ ನ್ಯೂಕ್ಲಿಯಸ್ ಎಂದು ಹೆಸರು. ಆಸ್ಟ್ರಿಯದಲ್ಲಿ ಇಂಗೆಬೋರ್ಗ್ ಮತ್ತು ಎರ್ವಿನ್ ಹೋಖ್‌ಮೈರ್ ಎಂಬ ಇಂಜಿನಿಯರ್ ದಂಪತಿಗಳ ಯಂತ್ರವನ್ನು 1977ರಲ್ಲಿ ವಿಯೆನ್ನಾದಲ್ಲಿ ಅಳವಡಿಸಲಾಯಿತು. ಅವರು ಕಟ್ಟಿದ ಕಂಪೆನಿ ಇನ್ಸ್‌ಬ್ರುಕ್ ನಗರದ ಮೆಡ್-ಎಲ್. ಮೂರನೆಯದು ಅಮೆರಿಕದ ಕ್ಯಾಲಿಫೋರ್ನಿಯದ ಅಡ್ವಾನ್ಸ್ಡ್ ಬಯಾನಿಕ್ಸ್. 2009ರಿಂದ ಅದು ಸ್ವಿಟ್ಜರ್ಲೆಂಡಿನ ಸೊನೋವಾ ಬಳಗಕ್ಕೆ ಸೇರಿದೆ. ಫೋನಾಕ್ ಶ್ರವಣಯಂತ್ರಗಳೂ ಆ ಬಳಗದವೇ.

ಕಾಕ್ಲಿಯರ್‌ನ ತಂತಿಯಲ್ಲಿ 22 ವಿದ್ಯುದ್ವಾರಗಳಿವೆ, ಅಡ್ವಾನ್ಸ್ಡ್ ಬಯಾನಿಕ್ಸ್‌ನಲ್ಲಿ 16. ಮೆಡ್-ಎಲ್‌ನಲ್ಲಿ 12 ಜಾಗಗಳಲ್ಲಿ ಸಂಕೇತ ಹೊರಡುತ್ತದೆಯಾದರೂ ತಂತಿ ಉದ್ದ, ಮೃದು. ಒಳಗಿವಿಯ ಆಳದವರೆಗೆ ಅದು ತಲಪುತ್ತದೆ. 22 ದೊಡ್ಡದು, 12 ಚಿಕ್ಕದು ಎಂದು ಪರೀಕ್ಷೆಯ ಅಂಕಗಳಂತೆ ಲೆಕ್ಕ ಹಾಕಬಾರದು. ಈ ಮೂವರಲ್ಲಿ ಎಲ್ಲರಿಗೂ ಮೇಲಾದವರು ಇಂಥವರೆಂದು ಸಿದ್ಧವಾಗಿಲ್ಲ. ಮಗುವಿನ ಒಳಗಿವಿಯ ರಚನೆಯಲ್ಲಿ ವಿಶೇಷವೇನಾದರೂ ಇದ್ದರೆ ಯಾವ ತಂತಿ ಸರಿಯೆಂಬುದನ್ನು ಶಸ್ತ್ರವೈದ್ಯರೇ ಸ್ಕ್ಯಾನ್ ನೋಡಿ ಹೇಳಬೇಕು. ಆ ಮಾತಿಗೆ ಎದುರಾಡಬಾರದು.

ಡೆನ್ಮಾರ್ಕಿನ ಓಟಿಕಾನ್ ಎಂಬ ನಾಲ್ಕನೆಯ ಹೆಸರೂ ಕೇಳಿರಬಹುದು. ಆ ಬಳಗವು ತನ್ನ ಇಂಪ್ಲಾಂಟ್ ವ್ಯವಹಾರವನ್ನು 2024ರಲ್ಲಿ ಕಾಕ್ಲಿಯರ್ ಕಂಪೆನಿಗೆ ಮಾರಿಬಿಟ್ಟಿತು. ಕಂಪೆನಿಯ ಬಾಳ್ವಿಕೆಯನ್ನೂ ವಿಚಾರಿಸಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ನಮ್ಮ ಬದುಕಿಗೆ ಹೊಂದುವುದು ಯಾವುದು?

ಮೊದಲನೆಯದಾಗಿ ಮಳೆ ಮತ್ತು ಬೆವರು. ಜೂನ್ ತಿಂಗಳಿಂದ ನಮ್ಮಲ್ಲಿ ಹಾಸಿಗೆಯೂ ಒದ್ದೆ, ಪುಸ್ತಕವೂ ಒದ್ದೆ. ತೇವವು ಈ ಯಂತ್ರದ ಶತ್ರು. ನೀರು ನಿರೋಧಕ ಕವಚ ಮೂರೂ ಕಂಪೆನಿಗಳಲ್ಲಿ ಇದೆ. ಅದು ಜತೆಗೇ ಬರುತ್ತದೋ ಬೇರೆ ಹಣ ಕೊಡಬೇಕೋ ಕೇಳಿರಿ. ಹೊಳೆಗೆ, ಕೆರೆಗೆ ಇಳಿಯುವ ಮಗುವಾದರೆ ಈ ಪ್ರಶ್ನೆ ಇನ್ನೂ ಮುಖ್ಯ. ರಾತ್ರಿ ಯಂತ್ರವನ್ನಿಡುವ ತೇವ ಹೀರುವ ಡಬ್ಬಿ ಮನೆಯಲ್ಲಿ ಇರಲೇಬೇಕು.

ಎರಡನೆಯದು ಆಕಾರ. ಕಿವಿಯ ಹಿಂದೆ ಕೊಕ್ಕೆಯಂತೆ ಕೂರುವ ಬಗೆ ಒಂದು, ತಲೆಗೆ ಗುಂಡಿಯಂತೆ ಅಂಟುವ ಬಗೆ ಇನ್ನೊಂದು. ಕಾಕ್ಲಿಯರ್‌ನ ಕಾನ್ಸೋ, ಮೆಡ್-ಎಲ್‌ನ ರೊಂಡೊ ಗುಂಡಿಯ ಬಗೆಯವು. ಕನ್ನಡಕ ಹಾಕುವವರಿಗೆ ಇದರಿಂದ ಸುಖ. ಆದರೆ ಅಯಸ್ಕಾಂತದ ಹಿಡಿತವೊಂದೇ ಆಧಾರವಾದ್ದರಿಂದ ಓಡಿ ಜಿಗಿಯುವ ಮಗುವಿನ ತಲೆಯಿಂದ ಕಳಚಿ ಅಡಿಕೆ ತೋಟದ ಸೋಗೆಯ ನಡುವೆ ಬಿದ್ದರೆ ಹುಡುಕುವುದು ಕಷ್ಟ. ಅಂಗಿಗೆ ಸಿಕ್ಕಿಸುವ ದಾರ ಬಳಸಬೇಕು.

ಮೂರನೆಯದು ಬ್ಯಾಟರಿ. ಚಾರ್ಜು ಮಾಡುವ ಬ್ಯಾಟರಿಯಿಂದ ದೀರ್ಘಕಾಲದಲ್ಲಿ ಖರ್ಚು ಉಳಿಯುತ್ತದೆ. ಆದರೆ ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಇಲ್ಲದಿದ್ದರೆ? ಹಲವು ಕಿವಿಹಿಂದಿನ ಯಂತ್ರಗಳಲ್ಲಿ ಬಿಸಾಡುವ ಗುಂಡಿ ಬ್ಯಾಟರಿಯನ್ನೂ ಹಾಕಲು ಬರುತ್ತದೆ. ಬ್ಯಾಟರಿ ಒಳಗೇ ಮುಚ್ಚಿಟ್ಟಿರುವ ಬಗೆಯಲ್ಲಿ ಆ ಅನುಕೂಲವಿಲ್ಲ. ಒಳಪ್ರದೇಶದ ಮನೆಯವರು ಎರಡೂ ನಡೆಯುವಂಥದನ್ನು ಕೇಳುವುದು ಜಾಣತನ.

ನಾಲ್ಕನೆಯದು ಇನ್ನೊಂದು ಕಿವಿ. ಆ ಕಿವಿಗೆ ಸಾಮಾನ್ಯ ಶ್ರವಣಯಂತ್ರ ಹಾಕುವುದಾದರೆ ಎರಡೂ ಹೊಂದಿಕೊಂಡು ಕೆಲಸ ಮಾಡಿದರೆ ಲೇಸು. ಅಡ್ವಾನ್ಸ್ಡ್ ಬಯಾನಿಕ್ಸ್‌ಗೆ ಫೋನಾಕ್, ಕಾಕ್ಲಿಯರ್‌ಗೆ ರೀಸೌಂಡ್, ಮೆಡ್-ಎಲ್‌ಗೆ ಸ್ಟಾರ್ಕಿ ಜತೆಗಾರರು.

ಐದನೆಯದು ಎಂ.ಆರ್.ಐ. ತಲೆಯೊಳಗೆ ಅಯಸ್ಕಾಂತವಿರುವುದರಿಂದ ಈ ಸ್ಕ್ಯಾನಿಗೆ ಕಟ್ಟುನಿಟ್ಟು ಇದೆ. ಮೂವರ ಹೊಸ ಮಾದರಿಗಳಲ್ಲಿಯೂ ಅಯಸ್ಕಾಂತ ತೆಗೆಯದೆ 3 ಟೆಸ್ಲಾವರೆಗಿನ ಸ್ಕ್ಯಾನ್ ಸಾಧ್ಯ. ಹಳೆಯ ಮಾದರಿಗಳಲ್ಲಿ ಎಲ್ಲಕ್ಕೂ ಈ ಮಾತು ಸಲ್ಲದು. ಮಗುವಿಗೆ ಹಾಕುವ ಮಾದರಿ ಯಾವುದೆಂದು ಬರೆಸಿಕೊಂಡು, ಆ ಚೀಟಿಯನ್ನು ರೇಶನ್ ಕಾರ್ಡಿನಷ್ಟೇ ಜೋಪಾನವಾಗಿ ಇಡಬೇಕು.

ಇವೆಲ್ಲಕ್ಕಿಂತ ಮಿಗಿಲಾದ ಪ್ರಶ್ನೆ ರಿಪೇರಿಯದು. ಯಂತ್ರ ನಿಂತ ದಿನ ಮಗು ಮತ್ತೆ ನಿಶ್ಶಬ್ದದೊಳಗೆ ಹೋಗುತ್ತದೆ, ತರಗತಿಯಲ್ಲಿ ನಮ್ಮ ತುಟಿ ನೋಡುತ್ತ ಸುಮ್ಮನೆ ಕುಳಿತುಬಿಡುತ್ತದೆ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿ.ಮೀ., ಕೋಝಿಕೋಡ್ ಅದರ ಮೂರು ಪಾಲಿಗೂ ಹೆಚ್ಚು. ಈ ಎರಡರಲ್ಲಿ ಎಲ್ಲಿ ಯಾವ ಕಂಪೆನಿಯ ಸೇವೆ ಸಿಗುತ್ತದೆ? ರಿಪೇರಿ ಮುಗಿಯುವವರೆಗೆ ಬದಲಿ ಯಂತ್ರ ಕೊಡುತ್ತಾರೆಯೆ? ಕೇಬಲಿಗೆ, ಬ್ಯಾಟರಿಗೆ, ಹೊಸ ಪ್ರೊಸೆಸರಿಗೆ ಇಂದಿನ ದರವೇನು, ವಾರಂಟಿ ಎಷ್ಟು ವರ್ಷ? ಬೆಲೆಪಟ್ಟಿ ನೋಡುವ ಮೊದಲು ಈಗಾಗಲೇ ಅದೇ ಯಂತ್ರ ಬಳಸುವ ಎರಡು ಮನೆಯವರೊಡನೆ ಮಾತಾಡಿರಿ.

ಸರಕಾರದ ಯೋಜನೆಯಲ್ಲಾದರೆ

ಕೇರಳದಲ್ಲಿ 2012ರಲ್ಲಿ ಆರಂಭವಾದ ಶ್ರುತಿತರಂಗಂ ಯೋಜನೆ ಚಿಕ್ಕ ಮಕ್ಕಳಿಗೆ ಉಚಿತ ಶಸ್ತ್ರಕ್ರಿಯೆಯ ದಾರಿ ತೆರೆದಿದೆ. ಕೇಂದ್ರದ ಎಡಿಪ್ ಯೋಜನೆಯಲ್ಲಿಯೂ ನೆರವು ಇದೆ. ಎರಡರಲ್ಲಿಯೂ ವಯಸ್ಸಿನ ಮತ್ತು ಆದಾಯದ ಮಿತಿಯಿರುವುದರಿಂದ ತಡಮಾಡಬಾರದು. ಇಲ್ಲಿ ಕಂಪೆನಿಯ ಆಯ್ಕೆ ಸಾಮಾನ್ಯವಾಗಿ ತಂದೆತಾಯಂದಿರ ಕೈಯಲ್ಲಿ ಇರುವುದಿಲ್ಲ. ಅದಕ್ಕಾಗಿ ವ್ಯಥೆಪಡಬೇಕಾದ್ದಿಲ್ಲ. ಇಷ್ಟವಾದ ಕಂಪೆನಿಗಾಗಿ ಹಣ ಕೂಡಿಸುತ್ತ ಎರಡು ವರ್ಷ ಕಾಯುವುದಕ್ಕಿಂತ ಸಿಗುವ ಯಂತ್ರವನ್ನು ಎರಡು ವರ್ಷ ಮೊದಲೇ ಹಾಕಿಸುವುದು ಮಗುವಿಗೆ ಹೆಚ್ಚು ಲಾಭ. ಮಾತು ಕಲಿಯುವ ಮಿದುಳಿನ ಶಕ್ತಿ ಮೊದಲ ವರ್ಷಗಳಲ್ಲಿ ಇದ್ದಂತೆ ಮುಂದೆ ಇರುವುದಿಲ್ಲ. ಶಸ್ತ್ರಕ್ರಿಯೆಗೆ ಮೊದಲು ವೈದ್ಯರು ಹೇಳುವ ಮೆದುಳುಪೊರೆ ಜ್ವರದ ವಿರುದ್ಧದ ಚುಚ್ಚುಮದ್ದನ್ನೂ ತಪ್ಪಿಸಕೂಡದು.

ಯಂತ್ರಕ್ಕೆ ಭಾಷೆಯಿಲ್ಲ, ಮಗುವಿಗೆ ಇದೆ

ಯಂತ್ರ ಹಾಕಿದ ಕೂಡಲೇ ಮಗು ಮಾತಾಡುವುದಿಲ್ಲ. ಅದಕ್ಕೆ ಕೇಳಿಸುವುದು ಮೊದಲು ಬರಿಯ ಸದ್ದು. ಆ ಸದ್ದಿಗೆ ಅರ್ಥ ಕೂಡಿಸಲು ವರ್ಷಗಟ್ಟಲೆ ತರಬೇತಿ ಬೇಕು. ಇಲ್ಲಿ ನಮ್ಮ ಕನ್ನಡ ಮನೆಗಳಿಗೆ ವಿಶೇಷ ತೊಡಕೊಂದಿದೆ. ನಮ್ಮ ಜಿಲ್ಲೆಯಲ್ಲಿ ತರಬೇತಿ ಹೆಚ್ಚಾಗಿ ಮಲಯಾಳದಲ್ಲಿ. ಮನೆಯಲ್ಲಿ ಅಮ್ಮನ ಮಾತು ಕನ್ನಡವೋ ತುಳುವೋ ಕೊಂಕಣಿಯೋ ಆಗಿರುತ್ತದೆ. "ಮಗು ಗೊಂದಲಪಟ್ಟೀತು, ಮನೆಯಲ್ಲಿಯೂ ಮಲಯಾಳವೇ ಆಗಲಿ" ಎಂದು ತಮಗೆ ಸರಾಗವಲ್ಲದ ಭಾಷೆಯಲ್ಲಿ ಮಗುವಿನೊಡನೆ ತಡವರಿಸುವ ತಾಯಂದಿರಿದ್ದಾರೆ. ಇದು ಬೇಡ. ತರಬೇತುದಾರರು ವಾರಕ್ಕೆ ಒಂದೆರಡು ಗಂಟೆ ಮಾತಾಡಿದರೆ ತಾಯಿ ದಿನವಿಡೀ ಮಾತಾಡುತ್ತಾಳೆ. ಅಕ್ಕಿ ತೊಳೆಯುವಾಗ, ಎಣ್ಣೆ ಹಚ್ಚುವಾಗ, ದನಕ್ಕೆ ಹುಲ್ಲು ಹಾಕುವಾಗ ಆಡುವ ಮಾತೇ ಮಗುವಿಗೆ ಪಾಠ. ಆ ಮಾತು ಅವಳ ಸ್ವಂತ ಭಾಷೆಯದಾಗಿದ್ದರೆ ಮಾತ್ರ ಧಾರಾಳವಾಗಿ ಹರಿಯುತ್ತದೆ. ಒಂದು ಭಾಷೆ ಗಟ್ಟಿಯಾದ ಮಗು ಇನ್ನೊಂದನ್ನು ಅಂಗಳದಿಂದ, ಶಾಲೆಯಿಂದ ಕಲಿಯಬಲ್ಲದು. ಕನ್ನಡದಲ್ಲಿಯೇ ಮಾರ್ಗದರ್ಶನ ಬೇಕೆನ್ನುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಚಿಕ್ಕ ಮಕ್ಕಳೊಡನೆ ತಾಯಂದಿರಿಗೂ ಅಲ್ಲಿ ತರಬೇತಿ ಕೊಡುತ್ತಾರೆ.

ಶಾಲೆಯವರಿಗೂ ಒಂದು ಮಾತು. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಈ ಮಗುವಿಗೆ ಅಧ್ಯಾಪಕರ ಮಾತು ತೀರಾ ಅಸ್ಪಷ್ಟ. ಮುಂದಿನ ಬೆಂಚಿನಲ್ಲಿ ಕೂರಿಸಿ, ಮುಖ ಕಾಣುವಂತೆ ನಿಂತು ಪಾಠ ಹೇಳಬೇಕು. ಅಧ್ಯಾಪಕರ ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕೂ ಈಗ ಬಂದಿದೆ.

ಕಂಪೆನಿ ಯಾವುದೆಂದು ಒಂದು ತಿಂಗಳು ವಿಚಾರಿಸಿರಿ, ತಪ್ಪಿಲ್ಲ. ಅದಕ್ಕಿಂತ ಹೆಚ್ಚು ವಿಚಾರ ಮಾಡಬೇಕಾದದ್ದು ಕೆಟ್ಟಾಗ ಯಾರು ಸರಿಪಡಿಸುತ್ತಾರೆ, ದಿನಾಲೂ ಮಗುವಿನೊಡನೆ ಯಾರು ಮಾತಾಡುತ್ತಾರೆ ಎಂಬುದನ್ನು. ಮೊದಲನೆಯದಕ್ಕೆ ಉತ್ತರವನ್ನು ಕಂಪೆನಿಯಿಂದ ಬರೆಸಿಕೊಳ್ಳಿರಿ. ಎರಡನೆಯದಕ್ಕೆ ಉತ್ತರ ನಮ್ಮ ನಮ್ಮ ಮನೆಯಲ್ಲಿಯೇ ಇದೆ.